ನೆರೆ ಇಳಿದ ಹತ್ತನೇ ದಿನ: ಕಾವೇರಿ–ಕಪಿಲೆ ದಂಡೆಯಲ್ಲಿ ನೆರವು ಎಲ್ಲಿ ಎಡವುತ್ತದೆ

ಕಪಿಲೆ (ಕಬಿನಿ) ಉಕ್ಕಿ ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗಿತೆಂದರೆ, ಕೆಆರ್‌ಎಸ್ ಗೇಟುಗಳು ತೆರೆದು ಶ್ರೀರಂಗಪಟ್ಟಣದ ಹಳೇ ಸೇತುವೆಯ ಮಟ್ಟಕ್ಕೆ ಕಾವೇರಿ ಏರಿತೆಂದರೆ, ಮೈಸೂರು–ಮಂಡ್ಯ ಸೀಮೆಯಲ್ಲಿ ನೆರವಿಗೆ ಯಾರೂ ಕರೆ ಕೊಡಬೇಕಿಲ್ಲ. ಅವತ್ತೇ ಸಂಜೆ ಹೊತ್ತಿಗೆ ಆಟೋ, ಟೆಂಪೊಗಳಲ್ಲಿ ಅನ್ನದ ಪೊಟ್ಟಣ ಬರುತ್ತವೆ. ಮಠದ ಅಡುಗೆಮನೆಯಲ್ಲಿ ಒಲೆ ಹೊತ್ತುತ್ತದೆ, ಕಲ್ಯಾಣಮಂಟಪದ ಬಾಗಿಲು ತೆರೆಯುತ್ತದೆ, ಕಾಲೇಜು ಹುಡುಗರು ಬ್ಲಾಂಕೆಟ್ ಹೊತ್ತು ನಿಲ್ಲುತ್ತಾರೆ. ಮೂರನೇ ದಿನಕ್ಕೆ ಚಿತ್ರಾನ್ನ ಮಿಕ್ಕು ಚೆಲ್ಲುವಂತಾಗುತ್ತದೆ, ಹಳೇ ಬಟ್ಟೆ ಶಾಲೆಯ ಮೂಲೆಯಲ್ಲಿ ಗುಡ್ಡೆ ಬೀಳುತ್ತದೆ. ಹತ್ತನೇ ದಿನ ಜನ ಕಾಳಜಿ ಕೇಂದ್ರದಿಂದ ಮನೆಗೆ ಮರಳಿ, ಗೋಡುಮಣ್ಣು ತುಂಬಿದ ಕೋಣೆಯ ಬಾಗಿಲಲ್ಲಿ ನಿಂತಾಗ ಸಲಿಕೆ ಹಿಡಿಯಲು ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಇದು ಮನಸ್ಸಿನ ಕೊರತೆಯಲ್ಲ. ಈ ಸೀಮೆಯ ಜನ ಕೊಡುವುದರಲ್ಲಿ ಹಿಂದೆ ಬಿದ್ದವರಲ್ಲ. ಕೊಡುವುದು ಏನು, ಯಾವತ್ತು, ಯಾರ ಕೈಗೆ ಎಂಬುದನ್ನು ಕೊಡುವವರೇ ತೀರ್ಮಾನಿಸುತ್ತಾರೆ, ಎಡವುವುದು ಅಲ್ಲಿ. ಆ ತೀರ್ಮಾನ ಹೊಳೆ ದಂಡೆಯವರ ಕೈಗೆ ಹೋಗಬೇಕು.

ಮೊದಲ ದಿನದ ಅವಸರಕ್ಕೆ ಕಾರಣ ನೀರಿನ ಲೆಕ್ಕದಲ್ಲೇ ಇದೆ. ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಒಂದು ಕ್ಯುಸೆಕ್. 1 ಲಕ್ಷ ಕ್ಯುಸೆಕ್ ಒಳಹರಿವು ಒಂದು ಹಗಲು, ಒಂದು ರಾತ್ರಿ ನಿಂತರೆ ಸೇರುವ ನೀರು 8.64 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಬೀಚನಹಳ್ಳಿಯ ಕಬಿನಿ ಜಲಾಶಯದ ಒಟ್ಟು ಸಾಮರ್ಥ್ಯವೇ 19.52 ಟಿಎಂಸಿ. ಮುಂಗಾರಿನ ನಡುವೆ ಅದು ಮುಕ್ಕಾಲು ಪಾಲು ತುಂಬಿರುವಾಗ ವಯನಾಡಿನಲ್ಲಿ ಮಳೆ ಜಡಿದರೆ, ಬಂದಷ್ಟನ್ನೂ ಬಿಡದೆ ದಾರಿಯಿಲ್ಲ. 2019ರ ಆಗಸ್ಟ್‌ನಲ್ಲಿ ಕಬಿನಿಯ ಹೊರಹರಿವು 1 ಲಕ್ಷ ಕ್ಯುಸೆಕ್ ದಾಟಿ, ಮಲ್ಲನಮೂಲೆ ಬಳಿ ಮೈಸೂರು–ನಂಜನಗೂಡು ರಸ್ತೆಯೇ ಬಂದ್ ಆಗಿತ್ತು. ಕೆಆರ್‌ಎಸ್ ಹಿರಿದು, 124.80 ಅಡಿ ತುಂಬಿದಾಗ 49.45 ಟಿಎಂಸಿ ಹಿಡಿಯುತ್ತದೆ. ಆದರೆ ತುಂಬಿದ ಮೇಲೆ ಅದರದ್ದೂ ಇದೇ ಕತೆ.

ಹೊಳೆದಂಡೆಯ ಊರಿಗೆ ಆದ್ದರಿಂದ ಬೇಕಾದ ಮೊದಲ ನೆರವು ಅನ್ನವಲ್ಲ, ಒಂದು ಸಂಖ್ಯೆ: ನಮ್ಮ ಬೀದಿಗೆ ಎಷ್ಟು ಕ್ಯುಸೆಕ್‌ಗೆ ನೀರು ನುಗ್ಗುತ್ತದೆ? ಅಣೆಕಟ್ಟೆಯಿಂದ ಬರುವ ಎಚ್ಚರಿಕೆಯಲ್ಲಿ ಕ್ಯುಸೆಕ್ ಇರುತ್ತದೆ, ಕೇಳುವವರಿಗೆ ಅದು ತಮ್ಮ ಹೊಸ್ತಿಲೋ ಮೊಣಕಾಲೋ ತಿಳಿಯುವುದಿಲ್ಲ. ಹಿಂದಿನ ನೆರೆಗಳಲ್ಲಿ ಯಾವ ಹೊರಹರಿವಿಗೆ ಯಾವ ಮನೆಯವರೆಗೆ ನೀರು ಬಂತೆಂಬುದು ಊರ ಹಿರಿಯರಿಗೆ ನೆನಪಿರುತ್ತದೆ. ಅದನ್ನು ಕೇಳಿ ಬರೆದುಕೊಂಡು, ಬೀದಿಯ ಕಂಬಕ್ಕೋ ಶಾಲೆಯ ಗೋಡೆಗೋ ಬಣ್ಣದ ಗೆರೆ ಎಳೆದು ಪಕ್ಕದಲ್ಲಿ ವರ್ಷ, ಕ್ಯುಸೆಕ್ ಬರೆಯಲು ಒಂದು ಭಾನುವಾರ ಸಾಕು. ಖರ್ಚು ಒಂದು ಡಬ್ಬಿ ಬಣ್ಣ. ಹೀಗೆ ಬರೆದಿಟ್ಟ ಊರಿನಲ್ಲಿ ಟಾಂಟಾಂ ಸಾರಿದ ಕೂಡಲೇ ಯಾರು ಎದ್ದು ಹೊರಡಬೇಕೆಂಬುದಕ್ಕೆ ವಾದವೇ ಇರುವುದಿಲ್ಲ.

ಊಟದ ವಿಷಯ ಬೇಗ ಮುಗಿಸಬಹುದು, ಅದನ್ನು ನಮ್ಮವರು ಚೆನ್ನಾಗಿ ಬಲ್ಲರು. ನೂರು ಜನಕ್ಕೆ ಒಂದು ಹೊತ್ತಿಗೆ 12ರಿಂದ 15 ಕೆಜಿ ಅಕ್ಕಿ, ಎರಡೂವರೆ ಕೆಜಿ ತೊಗರಿಬೇಳೆ, ಐದಾರು ಕೆಜಿ ತರಕಾರಿ. ಮುದ್ದೆಯಾದರೆ 10ರಿಂದ 12 ಕೆಜಿ ರಾಗಿಹಿಟ್ಟು. ಕೆಡುವುದು ಪೊಟ್ಟಣದಲ್ಲಿ. ಬಿಸಿ ಅನ್ನವನ್ನು ಪ್ಲಾಸ್ಟಿಕ್ ಕವರಿಗೆ ತುಂಬಿ ಬಾಯಿ ಕಟ್ಟಿದರೆ ಒಳಗೆ ಬೆವರಿ ಕೆಲವೇ ಗಂಟೆಗಳಲ್ಲಿ ಹಳಸುತ್ತದೆ. ಕಾಯಿ ರುಬ್ಬಿ ಹಾಕಿದ ಸಾಂಬಾರು ಅದಕ್ಕಿಂತ ಬೇಗ. ದೂರಕ್ಕೆ ಒಯ್ಯುವುದಾದರೆ ಹುಳಿ ಬಿದ್ದ ಪುಳಿಯೋಗರೆ, ಚಿತ್ರಾನ್ನವನ್ನು ಹರವಿ ಆರಿಸಿಯೇ ಕಟ್ಟಬೇಕು. ಇದಕ್ಕಿಂತ ಒಳ್ಳೆಯದು ಕಾಳಜಿ ಕೇಂದ್ರದಲ್ಲೇ ಒಲೆ ಹೂಡಿ, ದಿನಸಿ ಮಾತ್ರ ಕಳಿಸುವುದು. ಅಲ್ಲಿನ ಹೆಂಗಸರೂ ಗಂಡಸರೂ ಅಡುಗೆಗೆ ಕೈಹಾಕುತ್ತಾರೆ. ಕೈಯಲ್ಲಿ ಕೆಲಸವಿದ್ದವರಿಗೆ ಕೈಯೊಡ್ಡಿ ಕೂತವರ ಸಂಕಟ ಇರುವುದಿಲ್ಲ. ಅನ್ನ ಬಡಿಸುವಾಗ ಪೊಟ್ಟಣ ಹಿಡಿದವರ ಫೋಟೊ ತೆಗೆಯುವ ಚಾಳಿಯನ್ನು ಇಂದಿನಿಂದಲೇ ನಿಲ್ಲಿಸಬೇಕು. ನಿನ್ನೆಯವರೆಗೆ ಗದ್ದೆ ಮಾಡಿಕೊಂಡು ಮರ್ಯಾದೆಯಾಗಿ ಬಾಳಿದವರು ಅವರು.

ಬಟ್ಟೆಯ ವಿಷಯದಲ್ಲೂ ಒಂದು ಮಾತು ಸಾಕು: ಹಳೆಯದು ಬೇಡ. ವಿಂಗಡಿಸಲು ಹತ್ತು ಜನರ ದಿನ ಹಾಳಾಗುತ್ತದೆ, ಕೊನೆಗೆ ಅದನ್ನು ಸಾಗಿಸುವ ಖರ್ಚು ಪಂಚಾಯಿತಿಯ ತಲೆಗೆ. ಕೇಂದ್ರದಲ್ಲಿ ಬೇಕಿರುವುದು, ಆದರೆ ಯಾರೂ ಬಾಯಿಬಿಟ್ಟು ಕೇಳದಿರುವುದು, ಹೊಸ ಒಳಉಡುಪು, ನೈಟಿ, ಲುಂಗಿ, ಟವೆಲ್, ಸ್ಯಾನಿಟರಿ ಪ್ಯಾಡ್, ಮಕ್ಕಳ ಚಡ್ಡಿ, ಸೊಳ್ಳೆ ಪರದೆ, ಬಕೆಟ್ಟು, ಚೊಂಬು, ಹಿರಿಯರ ಬಿಪಿ–ಶುಗರ್ ಮಾತ್ರೆ. ನೀರಿನ ಲೆಕ್ಕವನ್ನೂ ಮೊದಲೇ ಹಾಕಬೇಕು. ಪರಿಹಾರ ಕಾರ್ಯಕ್ಕೆ ಲೋಕಮಾನ್ಯವಾದ ‘ಸ್ಫಿಯರ್’ ಮಾನದಂಡದಂತೆ ತಲೆಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, ಮಲಗಲು ಮೂರೂವರೆ ಚದರ ಮೀಟರ್ ಜಾಗ, 20 ಜನಕ್ಕೆ ಒಂದು ಶೌಚಾಲಯ ಬೇಕು. ಇನ್ನೂರು ಜನ ಇಳಿದುಕೊಂಡ ಶಾಲೆಗೆ ಹತ್ತು ಶೌಚಾಲಯ, ದಿನಕ್ಕೆ 3,000 ಲೀಟರ್ ನೀರು ಅಂದಂತಾಯಿತು. ನಮ್ಮ ಬಹುಪಾಲು ಶಾಲೆಗಳಲ್ಲಿ ಇಷ್ಟು ಶೌಚಾಲಯ ಇಲ್ಲ. ಬಿಸ್ಕತ್ತಿನ ಡಬ್ಬಿಯ ಬದಲು ಎರಡು ಸಂಚಾರಿ ಶೌಚಾಲಯ, ಅದರ ಮುಂದೊಂದು ಸೋಲಾರ್ ದೀಪ ಕಳಿಸಿದವರು ಹೆಣ್ಣುಮಕ್ಕಳ ಪಾಲಿಗೆ ದೊಡ್ಡ ಉಪಕಾರ ಮಾಡಿದಂತೆ.

ಇನ್ನು ಕೆಸರು. ನೆರವಿನ ಎಲ್ಲ ಲೆಕ್ಕದಲ್ಲೂ ಬಿಟ್ಟುಹೋಗುವುದು ಇದೇ. ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಒಂದು ಕೋಣೆಯಲ್ಲಿ ಅರ್ಧ ಅಡಿ ಗೋಡು ನಿಂತರೆ 60 ಘನ ಅಡಿ. ಹಸಿಯಲ್ಲಿ ಅದರ ತೂಕ ಸುಮಾರು ಎರಡೂವರೆಯಿಂದ ಮೂರು ಟನ್. ಒಂದು ಬಾಂಡ್ಲಿಗೆ 15–20 ಕೆಜಿ ಹಿಡಿದರೆ 125ರಿಂದ 200 ಬಾಂಡ್ಲಿ, ಹೆಚ್ಚುಕಡಿಮೆ ಒಂದು ಟ್ರ್ಯಾಕ್ಟರ್ ಟ್ರೈಲರು. ಮೂರು ಕೋಣೆಯ ಮನೆಗೆ ಮೂರು ಲೋಡು. ಗಂಡ, ಹೆಂಡತಿ, ವಯಸ್ಸಾದ ತಾಯಿ ಇರುವ ಮನೆಯವರು ಇದನ್ನು ತಾವೇ ಹೊರುವುದೆಂದರೆ ವಾರಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ಗೋಡು ಒಣಗಿ ಗಟ್ಟಿಯಾಗುತ್ತದೆ, ಸಲಿಕೆಯಲ್ಲಿ ಬರುತ್ತಿದ್ದದ್ದಕ್ಕೆ ಪಿಕಾಸಿ ಬೇಕಾಗುತ್ತದೆ. ಎಂಟು ಜನರ ಒಂದು ತಂಡ ಬಂದರೆ ಅದೇ ಮನೆ ಒಂದು ದಿನದಲ್ಲಿ ಖಾಲಿಯಾಗುತ್ತದೆ: ಒಳಗೆ ಇಬ್ಬರು ತುಂಬಲು, ನಾಲ್ವರು ಸಾಲಾಗಿ ಬಾಂಡ್ಲಿ ದಾಟಿಸಲು, ಒಬ್ಬರು ಟ್ರೈಲರಿನಲ್ಲಿ, ಇನ್ನೊಬ್ಬರು ಮನೆಯವರ ಜೊತೆ ಪಾತ್ರೆಪಗಡ, ಕಾಗದಪತ್ರ ಬೇರೆ ಮಾಡಲು. ಅಡುಗೆಮನೆ ಮೊದಲು, ಹಿಂಬದಿಯಿಂದ ಬೀದಿಯ ಕಡೆಗೆ. ಚರಂಡಿಗೆ ಗೋಡು ತಳ್ಳಕೂಡದು. ತಳ್ಳಿದರೆ ಮುಂದಿನ ಮಳೆಗೆ ಅದೇ ನೀರು ಬಾಗಿಲಿಗೆ ಬರುತ್ತದೆ.

ಒಳಗೆ ಕಾಲಿಡುವ ಮೊದಲು ಮನೆಯ ಸುತ್ತ ಒಂದು ಸುತ್ತು ಬರಬೇಕು. ಮಣ್ಣಿನ ಗೋಡೆಯ ಹೆಂಚಿನ ಮನೆಗಳು ನೀರು ನಿಂತಿದ್ದಾಗ ಬೀಳದೆ, ಇಳಿದ ಮೇಲೆ ಬೀಳುವುದುಂಟು. ನೆನೆದ ಮಣ್ಣಿಗೆ ಸೂರಿನ ಭಾರ ತಡೆಯುವ ಬಲ ಉಳಿದಿರುವುದಿಲ್ಲ. ಗೋಡೆ ಹೊಟ್ಟೆ ಬಂದಿದ್ದರೆ, ಮೂಲೆಯಲ್ಲಿ ಹೊಸ ಬಿರುಕು ಕಂಡರೆ, ಮೊದಲು ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಈಗ ಕಚ್ಚಿಕೊಂಡರೆ ಒಳಗೆ ಹೋಗಬಾರದು. ಕರೆಂಟಿನ ಮೇನ್ ಆಫ್ ಆಗಿರಬೇಕು. ಗೋಡೆ ಒಣಗಿ, ವೈರಿಂಗ್ ಬಲ್ಲವರು ನೋಡಿದ ಮೇಲೆಯೇ ಮತ್ತೆ ಹಾಕುವುದು. ತಂತಿ ಬಿದ್ದಿದ್ದರೆ ವಿದ್ಯುತ್ ಕಂಪನಿ ಸೆಸ್ಕ್‌ನ 1912ಕ್ಕೆ, ಜಿಲ್ಲಾ ವಿಪತ್ತು ಕೊಠಡಿಗೆ 1077ಕ್ಕೆ ಫೋನು. ಸೌದೆ ರಾಶಿ, ಹೆಂಚಿನ ರಾಶಿಯಲ್ಲಿ ಹಾವು ಸೇರಿರುತ್ತದೆ, ಕೋಲಿನಿಂದ ಕೆದಕದೆ ಕೈಹಾಕಬಾರದು. ಬರಿಗಾಲಲ್ಲಿ ಕೆಸರಿಗೆ ಇಳಿದವರಿಗೆ ಇಲಿಜ್ವರದ ಭಯವಿದೆ. ನೆರೆಯ ನೀರಿನಲ್ಲಿ ಬೆರೆತ ಇಲಿ, ದನಗಳ ಮೂತ್ರದಿಂದ ಕಾಲಿನ ಒಡಕು, ಗಾಯದ ಮೂಲಕ ಅದು ಒಳಸೇರುತ್ತದೆ. ಗಮ್‌ಬೂಟು, ಕೈಗವಸು ಹಾಕಿಸುವುದು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಿ ಡಾಕ್ಸಿಸೈಕ್ಲಿನ್ ಮಾತ್ರೆ, ಧನುರ್ವಾಯು ತಡೆಯುವ ಇಂಜೆಕ್ಷನ್ ಕೊಡಿಸುವುದು ತಂಡ ಕರೆತಂದವರ ಹೊಣೆ. ಕೆಸರಿಗಿಳಿದು ಒಂದೆರಡು ವಾರದೊಳಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಕೆಸರಲ್ಲಿ ಕೆಲಸ ಮಾಡಿದ್ದನ್ನು ವೈದ್ಯರಿಗೆ ಹೇಳಲೇಬೇಕು.

ಇಲ್ಲೊಂದು ಕಹಿ ಸತ್ಯ ಹೇಳಬೇಕು. ಅನ್ನ ಹಂಚಲು ಎಲ್ಲ ಬೀದಿಯವರೂ ಬರುತ್ತಾರೆ. ಚರಂಡಿ, ಸತ್ತ ದನ, ತುಂಬಿದ ಶೌಚದ ಗುಂಡಿ ಬಂದಾಗ ಎಲ್ಲರ ಕಣ್ಣೂ ಪೌರಕಾರ್ಮಿಕರ ಕಡೆಗೆ ತಿರುಗುತ್ತದೆ. ಹಲವು ವೇಳೆ ಅವರದ್ದೇ ಮನೆ ತಗ್ಗಿನಲ್ಲಿದ್ದು ಅದೂ ಮುಳುಗಿರುತ್ತದೆ. ಒಗ್ಗಟ್ಟಿನ ಮಾತು ಕೆಸರಿನ ಹತ್ತಿರ ಬಂದಾಗ ಜಾತಿಯ ಗೆರೆಯಲ್ಲಿ ನಿಲ್ಲುವುದಾದರೆ, ಅಲ್ಲಿ ಹಂಚಿದ ಅನ್ನಕ್ಕೆ ಅರ್ಧ ಬೆಲೆ. ಎಂಟು ಜನರ ತಂಡದಲ್ಲಿ ಯಾವ ಕೆಲಸ ಯಾರಿಗೆಂದು ಸರದಿ ಹಾಕುವುದು, ಪೌರಕಾರ್ಮಿಕರ ಮನೆಗಳ ಗೋಡನ್ನು ಮೊದಲ ದಿನವೇ ಎತ್ತುವುದು, ಯಂತ್ರದಿಂದ ಆಗುವ ಕೆಲಸಕ್ಕೆ ಮನುಷ್ಯರನ್ನು ಇಳಿಸದಿರುವುದು: ಇಷ್ಟನ್ನು ತಂಡ ಕಟ್ಟುವಾಗಲೇ ಮಾತಾಡಿಕೊಂಡಿರಬೇಕು.

ಕುಡಿಯುವ ನೀರಿನಲ್ಲಿ ಆಗುವ ತಪ್ಪು ಪ್ರಮಾಣದ್ದು. ಬ್ಲೀಚಿಂಗ್ ಪೌಡರನ್ನು ಹಿಡಿ ಹಿಡಿಯಾಗಿ ಬಾವಿಗೆ ಎರಚಿದರೆ ಒಂದೋ ವಾಸನೆಗೆ ಯಾರೂ ಕುಡಿಯುವುದಿಲ್ಲ, ಇಲ್ಲವೇ ಸಾಲದೇ ಹೋಗುತ್ತದೆ. ದಿನದ ಮಾಮೂಲಿ ಶುದ್ಧೀಕರಣಕ್ಕೆ ಒಳ್ಳೆಯ ಪೌಡರು 1,000 ಲೀಟರಿಗೆ ಎರಡೂವರೆ ಗ್ರಾಂ. 50,000 ಲೀಟರ್ ಓವರ್‌ಹೆಡ್ ಟ್ಯಾಂಕಿಗೆ 125 ಗ್ರಾಂ. ನೆರೆ ನೀರು ನುಗ್ಗಿದ ಬಾವಿಯದು ಬೇರೆ ಲೆಕ್ಕ. ಮೊದಲು ಪಂಪು ಹಾಕಿ ಬತ್ತಿಸಿ ಹೂಳು ತೆಗೆಯಬೇಕು. ಮತ್ತೆ ನೀರು ಊರಿದ ಮೇಲೆ 1,000 ಲೀಟರಿಗೆ 150 ಗ್ರಾಂ. 3 ಮೀಟರ್ ಅಗಲದ ಬಾವಿಯಲ್ಲಿ 4 ಮೀಟರ್ ನೀರಿದ್ದರೆ ಸುಮಾರು 28,000 ಲೀಟರ್; ಅದಕ್ಕೆ ನಾಲ್ಕೂಕಾಲು ಕೆಜಿ. ಪೌಡರನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿಯನ್ನಷ್ಟೇ ಬಾವಿಗೆ ಬಿಡಬೇಕು. ಒಂದು ದಿನ ಬಿಟ್ಟು ಆ ನೀರನ್ನೂ ಹೊರಹಾಕಿ, ಆಮೇಲೆ ಮಾಮೂಲಿ ಪ್ರಮಾಣ. ಹಾಕಿ ಒಂದು ಗಂಟೆಯ ನಂತರ ಕೊನೆಯ ಮನೆಯ ನಲ್ಲಿಯಲ್ಲಿ ಕ್ಲೋರೋಸ್ಕೋಪ್‌ನಿಂದ ನೋಡಿದರೆ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಟ್ಯಾಂಕಿನಲ್ಲಿ ಸರಿಯಿದ್ದು ಕೊನೆಯ ನಲ್ಲಿಯಲ್ಲಿ ಇಲ್ಲವೆಂದರೆ ನಡುವೆ ಪೈಪು ಒಡೆದು ಚರಂಡಿ ನೀರು ಸೇರುತ್ತಿರಬಹುದು ಎಂದು ಶಂಕಿಸಬೇಕು. ಬಾಯಿ ತೆರೆದಿಟ್ಟ ಚೀಲದ ಪೌಡರು ಶಕ್ತಿ ಕಳೆದುಕೊಳ್ಳುತ್ತದೆ, ಆದ್ದರಿಂದ ಕಳೆದ ವರ್ಷ ಮಿಕ್ಕಿದ ಚೀಲವನ್ನು ನಂಬಬಾರದು. ಊರ ನೀರುಗಂಟಿಗೆ ಇದೆಲ್ಲ ಗೊತ್ತು. ಅವರ ಜೊತೆ ಇಬ್ಬರು ನಿಂತರೆ ಸಾಕು, ಅವರನ್ನು ಬದಿಗೆ ಸರಿಸಿ ಹೊರಗಿನವರು ಮಾಡುವುದು ಬೇಡ.

ಮಂಡ್ಯ, ಮೈಸೂರಿನ ಹಳ್ಳಿಗಳಲ್ಲಿ ಕೆಲವರು ಮನೆ ಬಿಟ್ಟು ಏಳುವುದೇ ಇಲ್ಲವೆಂದು ಅಧಿಕಾರಿಗಳು ಬೇಸರಪಡುತ್ತಾರೆ. ಕಾರಣ ಹಟವಲ್ಲ, ಕೊಟ್ಟಿಗೆ. ಎರಡು ಸೀಮೆಹಸುವಿನ ಹಾಲೇ ವಾರದ ಬಟವಾಡೆಯಾಗಿರುವ ಮನೆಯವರು ಹಸು ಬಿಟ್ಟು ಕಾಳಜಿ ಕೇಂದ್ರಕ್ಕೆ ಬರುವುದಿಲ್ಲ. ಎತ್ತರದಲ್ಲಿ ದನಗಳಿಗೂ ಜಾಗ ಗುರುತಿಸಿದ ಊರಿನಲ್ಲಿ ಜನ ಬೇಗ ಹೊರಡುತ್ತಾರೆ. ಒಂದು ದೊಡ್ಡ ರಾಸಿಗೆ ದಿನಕ್ಕೆ ಐದಾರು ಕೆಜಿ ಒಣಹುಲ್ಲು ಅಥವಾ 15–20 ಕೆಜಿ ಹಸಿಮೇವು, 40ರಿಂದ 60 ಲೀಟರ್ ನೀರು ಬೇಕು. ಐವತ್ತು ರಾಸಿಗೆ ದಿನಕ್ಕೆ ಮೂರು ಕ್ವಿಂಟಲ್‌ವರೆಗೆ ಒಣಹುಲ್ಲು. ನೆನೆದ ಮೆದೆಯ ಹುಲ್ಲನ್ನು ‘ಹಾಳಾಗಬಾರದು’ ಎಂದು ಹಾಕುವುದು ದೊಡ್ಡ ತಪ್ಪು, ಬೂಷ್ಟು ಹಿಡಿದ ಹುಲ್ಲು ಹಸುವಿನ ಹೊಟ್ಟೆ ಕೆಡಿಸುತ್ತದೆ. ಹೊರಡುವ ಹೊತ್ತಿಲ್ಲದಿದ್ದರೆ ಕನಿಷ್ಠ ಹಗ್ಗ ಬಿಚ್ಚಿಬಿಡಬೇಕು, ಗೂಟಕ್ಕೆ ಕಟ್ಟಿದ ಹಸು ಈಜಲಾರದು. ನೀರಿಳಿದ ಮೇಲೆ ಗಳಲೆ ರೋಗ, ಚಪ್ಪೆ ಬೇನೆ ಹಬ್ಬುತ್ತವೆ. ಮುಂಗಾರಿಗೆ ಮೊದಲೇ ಲಸಿಕೆ ಹಾಕಿಸಿದ್ದರೆ ಅರ್ಧ ಚಿಂತೆ ಇಲ್ಲ.

ನೆರವನ್ನು ಹೊಂದಿಸಲು ಹೊಸ ಸಂಘ ಬೇಕಿಲ್ಲವೆಂಬುದು ಕೂಡ ಈ ಕೊಟ್ಟಿಗೆಯಿಂದಲೇ ತಿಳಿಯುತ್ತದೆ. ಹಳ್ಳಿಯ ಹಾಲಿನ ಡೇರಿ ದಿನಕ್ಕೆರಡು ಬಾರಿ ಬಾಗಿಲು ತೆರೆಯುತ್ತದೆ. ಯಾರ ಮನೆಯಲ್ಲಿ ಎಷ್ಟು ರಾಸು, ಯಾರ ಬ್ಯಾಂಕ್ ಖಾತೆ ಯಾವುದು, ನಿನ್ನೆ ಯಾರು ಹಾಲು ಹಾಕಲಿಲ್ಲ ಎಂಬುದು ಕಾರ್ಯದರ್ಶಿಯ ಪುಸ್ತಕದಲ್ಲಿರುತ್ತದೆ. ಹಾಲಿನ ವಾಹನ ಬರುವ ದಾರಿಯೇ ಮೇವು, ಔಷಧ ತರುವ ದಾರಿಯಾಗಬಹುದು. ಈ ಪುಸ್ತಕದಲ್ಲಿ ಇಲ್ಲದವರು ಹಸುವಿಲ್ಲದ ಕೂಲಿಯವರು, ಬಾಡಿಗೆ ಮನೆಯವರು, ಕಬ್ಬು ಕಡಿಯಲು ಹೊರಗಿನಿಂದ ಬಂದು ಗುಡಿಸಲು ಹಾಕಿಕೊಂಡವರು. ಅವರನ್ನು ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್ ಹೆಸರು ಹಿಡಿದು ಬಲ್ಲರು. ಎರಡು ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟರೆ ಊರಿನಲ್ಲಿ ಯಾರೂ ತಪ್ಪುವುದಿಲ್ಲ. ನೆರವು ತರುವವರು ಮೊದಲು ನಿಲ್ಲಬೇಕಾದ ಜಾಗ ಆ ಡೇರಿಯ ಜಗಲಿ.

ಬೇರೆಯವರ ಕಷ್ಟಕ್ಕೆ ಮೈಸೂರು ಹೆಗಲು ಕೊಡುವಾಗಲೂ ಇದೇ ಮಾತು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದಾಗ ಇಲ್ಲಿಂದ ಲಾರಿಗಳು ಹೊರಟವು. ವಯನಾಡಿನಲ್ಲಿ 250ಕ್ಕೂ ಹೆಚ್ಚು ಜೀವ ಹೋದವು. ಅಲ್ಲಿ ಬದುಕು ಕಟ್ಟಿಕೊಂಡಿದ್ದ ಮಂಡ್ಯ, ಚಾಮರಾಜನಗರ ಮೂಲದವರೂ ಅವರಲ್ಲಿದ್ದರು. ಗುಂಡ್ಲುಪೇಟೆ ಮೇಲೆ ಹೋಗುವ ಹೆದ್ದಾರಿ 766ರಲ್ಲಿ ಬಂಡೀಪುರ ಕಾಡಿನೊಳಗೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿರ್ಬಂಧವಿದೆ. ಮೈಸೂರಿನಿಂದ ಸಂಜೆ ಏಳರ ಮೇಲೆ ಹೊರಟ ಲಾರಿ, ಜಿಲ್ಲಾಡಳಿತದ ಅನುಮತಿ ಇಲ್ಲದಿದ್ದರೆ ಚೆಕ್‌ಪೋಸ್ಟಿನಲ್ಲಿ ಬೆಳಗಿನವರೆಗೆ ನಿಲ್ಲುವ ಸಂಭವವೇ ಹೆಚ್ಚು. ಅಲ್ಲಿನ ಆಡಳಿತಕ್ಕೆ ಫೋನು ಮಾಡಿ ಏನು ಬೇಕೆಂದು ಕೇಳಿ, ಪ್ರತಿ ಪೆಟ್ಟಿಗೆಯ ಮೇಲೆ ಒಳಗಿರುವ ಸಾಮಾನನ್ನು ಕನ್ನಡ, ಮಲಯಾಳ ಎರಡರಲ್ಲೂ ಬರೆದು ಮಧ್ಯಾಹ್ನವೇ ಹೊರಡಿಸಿದ ಒಂದು ಲಾರಿ, ಕೇಳದೆ ಹೊರಟ ಐದು ಲಾರಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಮನೆ ತೊಳೆದ ಮೇಲೆ ಕಾಗದದ ಕೆಲಸ ಶುರು, ನೆರವಿನವರು ಕೈಬಿಡುವುದೂ ಇಲ್ಲೇ. ಗ್ರಾಮ ಆಡಳಿತ ಅಧಿಕಾರಿ ಬಂದು ಮಹಜರು ಮಾಡಬೇಕು. ಕೆಸರು ತೆಗೆಯುವ ಮೊದಲೇ ಪ್ರತಿ ಕೋಣೆ, ನೀರು ನಿಂತ ಗುರುತು, ಬಿದ್ದ ಗೋಡೆ, ಕೆಟ್ಟ ದವಸದ ಫೋಟೊವನ್ನು ದಿನಾಂಕದೊಂದಿಗೆ ತೆಗೆದಿಡದಿದ್ದರೆ, ಚೊಕ್ಕಟವಾದ ಮನೆಗೆ ಹಾನಿಯೇ ಆಗಿಲ್ಲವೆಂದು ಬರೆದುಹೋಗಬಹುದು. ಸತ್ತ ರಾಸನ್ನು ಪಶುವೈದ್ಯರ ಪ್ರಮಾಣಪತ್ರ ಇಲ್ಲದೆ ಹೂಳಿದರೆ ಪರಿಹಾರ ಕೈತಪ್ಪುತ್ತದೆ. ರಾಜ್ಯ ವಿಪತ್ತು ನಿಧಿಗೆ 2022ರಲ್ಲಿ ಕೇಂದ್ರ ಪರಿಷ್ಕರಿಸಿದ ಮಾನದಂಡದಲ್ಲಿ ಹಾಲು ಕೊಡುವ ಹಸು, ಎಮ್ಮೆಗೆ 37,500 ರೂಪಾಯಿ, ಕುರಿ, ಮೇಕೆಗೆ 4,000, ಉಳುವ ಎತ್ತಿಗೆ 32,000 ನಿಗದಿಯಾಗಿತ್ತು. ಬೆಳೆ ಶೇ 33 ಅಥವಾ ಅದಕ್ಕಿಂತ ಹೆಚ್ಚು ಹಾಳಾಗಿದ್ದರೆ ನೀರಾವರಿ ಜಮೀನಿಗೆ ಹೆಕ್ಟೇರಿಗೆ 17,000, ಮಳೆಯಾಶ್ರಿತಕ್ಕೆ 8,500, ಎರಡು ಹೆಕ್ಟೇರಿನ ಮಿತಿಯಲ್ಲಿ. ಹಣ ಹೋಗುವುದು ಪಹಣಿಯಲ್ಲಿ ಹೆಸರಿದ್ದವರ, ಆಧಾರ್ ಜೋಡಣೆಯಾದ ಖಾತೆಗೆ. ತಂದೆ ತೀರಿಹೋಗಿ ಪೌತಿ ಖಾತೆಯಾಗದ ಜಮೀನಿನವರಿಗೆ ಸಿಗುವುದಿಲ್ಲ. ಬೆಳೆಯ ಪಾಲಿಗೋ ಗುತ್ತಿಗೆಗೋ ಗದ್ದೆ ಮಾಡಿದವರಿಗೆ ಮೊದಲೇ ಇಲ್ಲ: ಬೀಜ, ಗೊಬ್ಬರ, ಕೂಲಿ ಎಲ್ಲವನ್ನೂ ಹಾಕಿದವರು ಅವರು, ಪರಿಹಾರ ಪಟ್ಟಣದಲ್ಲಿರುವ ಮಾಲೀಕರಿಗೆ.

ಕಾನೂನು ಬದಲಾಗುವವರೆಗೆ ಕಾಯಬೇಕಿಲ್ಲದ ಒಂದು ದಾರಿ ಊರಿನಲ್ಲೇ ಇದೆ. ಪರಿಹಾರ ಬಂದ ಮಾಲೀಕರು ಆ ವರ್ಷದ ಗುತ್ತಿಗೆ ಬಿಟ್ಟುಕೊಡಬೇಕು, ಬಂದ ಹಣವನ್ನು ಉತ್ತವರ ಕೈಗೆ ಕೊಡಬೇಕು ಎಂದು ಪಂಚಾಯಿತಿ ಕಟ್ಟೆಯಲ್ಲಿ ಯಜಮಾನರು ಕೂತು ಮಾತಾಡಿ ಒಪ್ಪಿಸುವುದು. ನಗರದಲ್ಲಿ ಕುಳಿತು ನೆರೆ ಸಂತ್ರಸ್ತರಿಗೆ ದಿನಸಿ ಕಳಿಸುವ ಎಷ್ಟೋ ಮನೆಗಳಿಗೆ ಇದೇ ದಂಡೆಯಲ್ಲಿ ಗುತ್ತಿಗೆಗೆ ಕೊಟ್ಟ ಜಮೀನಿದೆ. ಅವರ ದಿನಸಿಗಿಂತ ಆ ಗುತ್ತಿಗೆಯ ಮನ್ನಾ ಹತ್ತು ಪಾಲು ದೊಡ್ಡದು. ಎನ್‌ಎಸ್‌ಎಸ್ ವಿದ್ಯಾರ್ಥಿಗಳು ಲ್ಯಾಪ್‌ಟಾಪು, ಪ್ರಿಂಟರು ಇಟ್ಟುಕೊಂಡು ಎರಡು ವಾರ ಪಂಚಾಯಿತಿ ಕಚೇರಿಯಲ್ಲಿ ಕೂತು ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ರೈತರ ನೋಂದಣಿಯ ಫ್ರೂಟ್ಸ್ ಐಡಿ, ಅಂಕಪಟ್ಟಿಯ ಅರ್ಜಿಗಳನ್ನು ತುಂಬಿಕೊಟ್ಟರೆ ತಾಲ್ಲೂಕು ಕಚೇರಿಗೆ ಅಲೆಯುವ ಎಷ್ಟೋ ದಿನದ ಕೂಲಿ ಉಳಿಯುತ್ತದೆ.

ಆಗಸ್ಟ್ ನೆರೆಯ ಕೊನೆಯ ಪೆಟ್ಟು ಬಯಲಿಗೆ. ನಾಟಿಯಾದ ಭತ್ತ ವಾರಕ್ಕೂ ಮೀರಿ ಪೂರ್ತಿ ಮುಳುಗಿದ್ದರೆ ಸಾಮಾನ್ಯ ತಳಿಗಳು ಉಳಿಯುವುದು ಕಷ್ಟ. ಕಡಿಮೆ ದಿನ ನಿಂತಿದ್ದರೆ ನೀರು ಬಸಿದು, ಎಲೆಗೆ ಅಂಟಿದ ಗೋಡು ತೊಳೆಯುವಂತೆ ಮಾಡಿ, ಹೊಸ ಎಲೆ ಮೂಡಿದ ಮೇಲಷ್ಟೇ ಯೂರಿಯಾ ಕೊಡಬೇಕು. ಸೊರಗಿದ ಪೈರಿಗೆ ಮೊದಲೇ ಹಾಕಿದರೆ ಅದು ಹೀರುವುದಿಲ್ಲ, ಗೊಬ್ಬರ ನೀರುಪಾಲು. ಪೂರ್ತಿ ಹೋದ ಗದ್ದೆಗೆ ಹೊಸ ಒಟ್ಟಲು (ಸಸಿಮಡಿ) ಹಾಕಿ ನಾಟಿಗೆ ಬರಲು ಇನ್ನೂ ಮೂರು ವಾರ. ಆ ಹೊತ್ತಿಗೆ ದೀರ್ಘಾವಧಿ ತಳಿ ಹಾಕಿದರೆ ಹೂವಾಡುವಾಗ ಚಳಿ ಬಿದ್ದು ಜೊಳ್ಳಾಗುತ್ತದೆ, 120–125 ದಿನದೊಳಗಿನ ತಳಿಯೇ ಬೇಕು. ಯಾವುದು ಸೂಕ್ತವೆಂದು ಮಂಡ್ಯದ ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೇಳಬಹುದು. ಈ ಮೂರು ವಾರ ಉಳಿಸುವ ಶಕ್ತಿ ಇರುವುದು ಮೇಲಿನ ನಾಲೆ ಬಯಲಿನವರಿಗೆ ಮಾತ್ರ. ಒಂದು ಎಕರೆಯ ನಾಟಿಗೆ ಮೂರ್ನಾಲ್ಕು ಗುಂಟೆ ಒಟ್ಟಲು, 20–25 ಕೆಜಿ ಬಿತ್ತನೆ ಬೀಜ ಸಾಕು. ಎತ್ತರದ ಊರಿನ ಹತ್ತು ಒಕ್ಕಲು ತಮಗೆ ಬೇಕಾದದ್ದಕ್ಕಿಂತ ತಲಾ ಎರಡು ಗುಂಟೆ ಹೆಚ್ಚಿಗೆ ಒಟ್ಟಲು ಹಾಕಿಕೊಂಡರೆ ಹೊಳೆದಂಡೆಯ ಐದಾರು ಎಕರೆಗೆ ಪೈರಾಗುತ್ತದೆ. ನೆರೆ ಬಾರದ ವರ್ಷ ಅದನ್ನು ಮಾರಿಕೊಳ್ಳಬಹುದು. ಬಂದ ವರ್ಷ ಪೈರಿನ ಜೊತೆಗೆ ನಾಟಿಯ ಆಳುಗಳೂ ಮುಯ್ಯಿಗೆ ಹೋಗಬೇಕು, ಏಕೆಂದರೆ ಆ ವಾರ ಹೊಳೆದಂಡೆಯವರ ಕೈಯಲ್ಲಿ ಕೂಲಿಗೆ ಕೊಡುವ ಕಾಸಿರುವುದಿಲ್ಲ. ಪೈರು ಕಿತ್ತ ದಿನವೇ, ತಪ್ಪಿದರೆ ಮರುದಿನ ನಾಟಿಯಾಗಬೇಕು. ಆದ್ದರಿಂದ ಗದ್ದೆ ಉತ್ತು ಹದವಾಗಿದೆಯೆಂದು ಆ ಕಡೆಯಿಂದ ಫೋನು ಬಂದ ಮೇಲೆಯೇ ಈ ಕಡೆ ಒಟ್ಟಲಿಗೆ ಇಳಿಯುವುದು.